ಕಂಡಕ್ಟರ್ ಶೆಟ್ಟೆಪ್ಪನ ಪುದೀನ ಮಡಿ

ಶೆಟ್ಟೆಪ್ಪ ಮೂವತ್ತೊಂದು ವರ್ಷ ನಾಲ್ಕು ತಿಂಗಳು ಬಸ್ಸಿನ ಕಂಡಕ್ಟರ್ ಆಗಿದ್ದ. ಹುಕ್ಕೇರಿಯಿಂದ ಘಟಪ್ರಭಾ, ಅಲ್ಲಿಂದ ಗೋಕಾಕ, ಗೋಕಾಕದಿಂದ ಮೂಡಲಗಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಅಷ್ಟು ವರ್ಷಗಳಲ್ಲಿ ಅವನ ಗಾಡಿಯಲ್ಲಿ ಟಿಕೆಟ್ ಇಲ್ಲದೆ ಒಂದು ಕೋಳಿಯೂ ಹೋಗಿರಲಿಲ್ಲ. ಇದು ಮಾತಿಗೆ ಹೇಳುವುದಲ್ಲ. ಸಂತೆಯ ದಿನ ಯಾರಾದರೂ ಚೀಲದಲ್ಲಿ ಕೋಳಿ ಹಾಕಿಕೊಂಡು ಹತ್ತಿದರೆ ಶೆಟ್ಟೆಪ್ಪ ಚೀಲದ ಬಾಯಿ ಬಿಚ್ಚಿಸಿ, ಒಳಗೆ ಕೈಯಾಡಿಸಿ, ಒಂದೋ ಎರಡೋ ಎಂದು ನೋಡಿಯೇ ಮುಂದಿನ ಸೀಟಿಗೆ ಹೋಗುತ್ತಿದ್ದ. ಅವನ ಎಡಗೈ ಹೆಬ್ಬೆರಳಿನ ಮೇಲೆ ಕೋಳಿ ಕುಕ್ಕಿದ ಗುರುತು ಇವತ್ತಿಗೂ ಇದೆ.

ಮದುವೆಯಾದ ಹೊಸತರಲ್ಲಿ ಅವನ ಮಾವ ಅವನದೇ ಗಾಡಿಯಲ್ಲಿ ಬರುತ್ತಿದ್ದ. ಟಿಕೆಟ್ ತೆಗೆಸಿದ್ದು ಘಟಪ್ರಭಾದವರೆಗೆ. ನಿದ್ದೆ ಹತ್ತಿ ಅರ್ಧ ಮೈಲು ಮುಂದೆ ಬಂದುಬಿಟ್ಟ. ಶೆಟ್ಟೆಪ್ಪ ಸೀಟಿ ಊದಿ ಗಾಡಿ ನಿಲ್ಲಿಸಿ, ಮಾವನ ಕೈಹಿಡಿದು ಜೋಪಾನವಾಗಿ ಕಬ್ಬಿನ ಹೊಲದ ಬದುವಿನ ಮೇಲೆ ಇಳಿಸಿ, ಗಂಟನ್ನೂ ಕೈಗೆ ಕೊಟ್ಟು, ನಮಸ್ಕಾರ ಮಾಡಿ, ಮತ್ತೆ ಸೀಟಿ ಊದಿದ. ಆ ಮುದುಕ ಬದುಕಿರುವ ತನಕ ಅಳಿಯನ ಮನೆಗೆ ಯಾರದಾದರೂ ಟ್ರ್ಯಾಕ್ಟರ್ ಹಿಡಿದೇ ಬಂದ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಒಂದು ದಿನ ಹೆಂಡತಿ ಮರೆವ್ವ ಹುಕ್ಕೇರಿ ಸಂತೆಗೆ ಹೋಗಲು ಅವನ ಗಾಡಿ ಹತ್ತಿದಳು. ಶೆಟ್ಟೆಪ್ಪ ಅವಳ ಎದುರಿಗೆ ಬಂದು ನಿಂತು, "ಆಧಾರ್ ಕಾರ್ಡ್ ತೋರಿಸ್ರಿ," ಎಂದ.

"ಯಾರದು?"

"ನಿಮ್ದು."

"ಮೂವತ್ತು ವರ್ಸ ನಿಮಗ ರೊಟ್ಟಿ ಬಡದೇನಿ. ನಾ ಯಾರಂತ ಇನ್ನೂ ಗೊತ್ತಾಗಿಲ್ಲೇನು?"

"ನನಗ ಗೊತ್ತೈತಿ. ಸರ್ಕಾರಕ್ಕ ಗೊತ್ತಾಗಬೇಕಲ್ಲ."

ಮರೆವ್ವ ಸೀರೆಯ ಗಂಟು ಬಿಚ್ಚಿ ಕಾರ್ಡು ತೋರಿಸಿದಳು. ಅವತ್ತು ಸಂಜೆ ಅವನು ಊಟಕ್ಕೆ ಕುಳಿತಾಗ ರೊಟ್ಟಿಯ ಬುಟ್ಟಿ ಹಿಡಿದು, "ನಿಮ್ಮ ಕಾರ್ಡ್ ತೋರಿಸ್ರಿ," ಎಂದಳು. ಶೆಟ್ಟೆಪ್ಪ ಎದ್ದು ಹೋಗಿ, ಟ್ರಂಕು ತೆಗೆದು, ಕಾರ್ಡು ತಂದು ತೋರಿಸಿ ಕುಳಿತ. ಹೆಂಡತಿ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಅವನಿಗೆ ಇವತ್ತಿಗೂ ಹೊಳೆದಿಲ್ಲ.

ಇಂಥವನು ಜೂನ್ ತಿಂಗಳ ಕೊನೆಗೆ ನಿವೃತ್ತನಾಗಿ ಮನೆಗೆ ಬಂದ. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು, ಪೇಢೆ ಹಂಚಿದರು.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗ ಇತ್ತು. ಮಗ ಬಾಳೇಶನಿಗೆ ಟ್ರ್ಯಾಕ್ಟರ್ ಇತ್ತು. ಸೊಸೆ ಅನ್ನಪೂರ್ಣಾಗೆ ಅಡುಗೆಮನೆಯೂ ಹೊಲಿಗೆ ಮಷಿನ್ನೂ ಇದ್ದವು. ಮರೆವ್ವನಿಗೆ ಎರಡು ಎಮ್ಮೆಗಳಿದ್ದವು. ಶೆಟ್ಟೆಪ್ಪನಿಗೆ ಮಾತ್ರ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅದಕ್ಕೆ ತಲಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಬೆನ್ನು ಮರಕ್ಕೆ ಕೊಟ್ಟು, ಹೊರಗೆ ಹೋಗುವವರನ್ನೆಲ್ಲ "ಎಲ್ಲಿಗೆ?" ಎಂದು ಕೇಳತೊಡಗಿದ. ಹಾಲಿಗೆ ಬಂದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ. ಬಾಗಿಲಲ್ಲಿ ಗುಂಪಾದರೆ, "ಒಳಗ ನಡೀರಿ, ಒಳಗ ಜಾಗಾ ಐತಿ," ಎಂದು ಅವರನ್ನು ಪಡಸಾಲೆ ದಾಟಿಸಿ ಅಡುಗೆಮನೆಯ ತನಕ ಕಳಿಸಿದ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಕುಕ್ಕರಿನದು ದೊಡ್ಡ ತಾಪತ್ರಯವಾಯಿತು. ಬಸ್ಸಿನಲ್ಲಿ ಒಂದು ಸೀಟಿ ಎಂದರೆ ನಿಲ್ಲಿಸು, ಎರಡು ಸೀಟಿ ಎಂದರೆ ಹೊರಡು. ಅನ್ನಪೂರ್ಣಾ ಬೇಳೆ ಇಟ್ಟು ಮಷಿನ್ನಿಗೆ ಕುಳಿತರೆ, ಕುಕ್ಕರು ಒಂದು ಸೀಟಿ ಹೊಡೆದ ಕೂಡಲೇ ಶೆಟ್ಟೆಪ್ಪನ ಕಾಲು ತಾನಾಗಿಯೇ ಒಳಗೆ ಹೋಗಿ, ಕೈ ತಾನಾಗಿಯೇ ಗ್ಯಾಸು ಬಂದ್ ಮಾಡುತ್ತಿತ್ತು. ಹನ್ನೊಂದು ದಿನ ಆ ಮನೆಯಲ್ಲಿ ಬೇಳೆ ಬೇಯಲಿಲ್ಲ.

ಹನ್ನೆರಡನೆಯ ದಿನ ಅನ್ನಪೂರ್ಣಾ ಅತ್ತೆಯ ಮುಂದೆ ಬಂದು ನಿಂತಳು. "ಅತ್ತಿ, ಮಾವಾರಿಗೆ ಏನರೆ ಒಂದು ಕೆಲಸಾ ಕೊಡ್ರಿ. ಇಲ್ಲಾಂದ್ರ ನನಗ ತವರಮನಿಗೆ ಟಿಕೆಟ್ ಕೊಡಸ್ರಿ."

ಮರೆವ್ವ ಯೋಚನೆ ಮಾಡಿದಳು. ಬಚ್ಚಲಿನ ಹಿಂದೆ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಜಾಗವೊಂದಿತ್ತು. ಬೇಸಿಗೆಯಲ್ಲಿ ಅವಳು ಅಲ್ಲಿ ಒಲೆಗೆ ಹಾಕುವ ಸಗಣಿಯ ಕುಳ್ಳು ಒಟ್ಟುತ್ತಿದ್ದಳು. ಮಳೆಗಾಲದಲ್ಲಿ ಸಗಣಿ ಒಣಗುವುದಿಲ್ಲ, ಜಾಗ ಖಾಲಿ ಬಿದ್ದಿರುತ್ತದೆ. ವರ್ಷಗಟ್ಟಲೆ ಕುಳ್ಳಿನ ಪುಡಿ ಉದುರಿ ಅಲ್ಲಿನ ಮಣ್ಣು ಹೊಗೆಸೊಪ್ಪಿನ ಹಾಗೆ ಕರ್ರಗಾಗಿತ್ತು.

"ಕಂಡಕ್ಟರ್ ಸಾಹೇಬ್ರ, ಇದ ನೋಡ್ರಿ ನಿಮ್ಮ ಜಾಗಾ. ಕೊತ್ತಂಬ್ರಿ, ಮೆಂತೆ, ಪುದೀನ ಏನರೆ ಹಚ್ಚ್ರಿ. ದೀಪಾವಳಿ ಪಾಡ್ಯಾದ ದಿನಾ ನಾ ಸಗಣಿ ಹಟ್ಟೆವ್ವನ್ನ ಮಾಡಿ ಇಡೂದರೊಳಗ ಇಲ್ಲಿ ಹಸರು ಕಾಣಬೇಕು. ಕಂಡ್ರ ಜಾಗಾ ಕಾಯಂ ನಿಮ್ಮದು. ಕಾಣಲಿಲ್ಲಂದ್ರ ಅವತ್ತ ಕುಳ್ಳು ತಂದು ಒಟ್ಟತೀನಿ. ನೀವು ಲಗಮಣ್ಣನ ಸಂಗಾಟ ಕಟ್ಟಿ ಮ್ಯಾಲ ಹೋಗಿ ಕೂಡ್ರಬೇಕು."

ಆ ಕಟ್ಟೆ ಶೆಟ್ಟೆಪ್ಪನಿಗೆ ಗೊತ್ತಿತ್ತು. ಬೇವಿನ ಮರದ ಕೆಳಗೆ ಊರಿನ ಏಳು ಮಂದಿ ಮುದುಕರು ಬೆಳಿಗ್ಗೆಯಿಂದ ಸಂಜೆಯ ತನಕ ಕುಳಿತಿರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರು ಯಾವುದೋ ಗಾಡಿಗೆ ಕಾಯುತ್ತಿರುತ್ತಾರೆ. ಕಟ್ಟೆಯ ಮೇಲೆ ಕುಳಿತವರು ಯಾವುದಕ್ಕೂ ಕಾಯುತ್ತಿರಲಿಲ್ಲ. ಅವನು ಗಾಡಿಯ ಕಿಟಕಿಯಿಂದ ಮೂವತ್ತೊಂದು ವರ್ಷ ಅವರನ್ನು ನೋಡಿದ್ದ. ಮುದುಕರು ಬದಲಾಗಿದ್ದರು, ಕೂಡುವ ರೀತಿ ಬದಲಾಗಿರಲಿಲ್ಲ.

"ಆಗ್ಲಿ," ಎಂದ. ಅವತ್ತೇ ಸಲಿಕೆ ಹಿಡಿದ.

ಕೆಲಸದಲ್ಲಿ ಅವನನ್ನು ಯಾರೂ ದೂರುವಂತಿರಲಿಲ್ಲ. ಮಣ್ಣು ಒಂದು ಮೊಳ ಅಗೆದು, ಕಲ್ಲು ಆರಿಸಿ, ಹಗ್ಗ ಹಿಡಿದು ಗೆರೆ ಎಳೆದ. ಎಡಕ್ಕೆ ಎರಡು ಸಾಲು, ಬಲಕ್ಕೆ ಮೂರು ಸಾಲು, ಹಿಂದೆ ಗೋಡೆಗೆ ಹತ್ತಿ ಒಂದು ಉದ್ದ ಸಾಲು. ನಡುವೆ ಒಂದೂವರೆ ಗೇಣು ದಾರಿ.

"ನಡುವ ಯಾಕ ಬಿಟ್ಟೀರಿ?" ಎಂದು ಮರೆವ್ವ ಕೇಳಿದಳು.

"ಓಡ್ಯಾಡಾಕ."

"ಯಾರು, ಕೊತ್ತಂಬ್ರಿ ಓಡ್ಯಾಡತೈತೇನು?"

ಅವನು ಬೀಜದ ಪೊಟ್ಟಣ ಬಿಚ್ಚಿದ. ಕೊತ್ತಂಬರಿ ಬೀಜವನ್ನು ಒಡೆದು ಎರಡು ಹೋಳು ಮಾಡಿಯೇ ಬಿತ್ತಬೇಕು. ನಮ್ಮ ಕಡೆ ಅದನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ತಿಕ್ಕುತ್ತಾರೆ. ತಿನ್ನುವ ಕಾಳಿಗೆ ಕಾಲು ಹಚ್ಚಲು ಶೆಟ್ಟೆಪ್ಪನಿಗೆ ಮನಸ್ಸಾಗಲಿಲ್ಲ. ಚಪ್ಪಲಿಯನ್ನು ತೊಳೆದು, ಒಣಗಿಸಿ, ಕೈಗೆ ಹಾಕಿಕೊಂಡು, ಮಂಡಿಯೂರಿ ಕುಳಿತು ತಿಕ್ಕಿದ. ಹಾಲಿಗೆ ಬಂದ ಹುಡುಗಿಯರು ಬಾಯಿಗೆ ಸೆರಗು ಹಿಡಿದು ಹೊರಗೆ ಓಡಿದರು. ಎಡಕ್ಕೆ ಕೊತ್ತಂಬರಿ, ಬಲಕ್ಕೆ ಮೆಂತೆ, ಒಂದೊಂದು ಕಾಳಿಗೂ ಬೆರಳಿನಿಂದ ಗುಣಿ ಮಾಡಿ ಕೂಡ್ರಿಸಿದ. ಹಿಂದಿನ ಉದ್ದ ಸಾಲಿಗೆ ಗೌತಿ ಚಹಾ, ನಿಂಬೆ ವಾಸನೆಯ ಹುಲ್ಲು. ಬಾಗಿಲ ಹತ್ತಿರದ ಮುಂದಿನ ಸೀಟುಗಳನ್ನು ಪುದೀನಕ್ಕೆ ಖಾಲಿ ಬಿಟ್ಟ.

ಪುದೀನ ಇದ್ದದ್ದು ಮೂರು ಮನೆ ಆಚೆ, ಕೆಂಪವ್ವನ ಹಿತ್ತಲಿನಲ್ಲಿ. ಕೆಂಪವ್ವನಿಗೆ ಎಪ್ಪತ್ತರ ಮೇಲೆ ವಯಸ್ಸು, ಬಾಯಿ ಮಾತ್ರ ಇನ್ನೂ ಇಪ್ಪತ್ತರದು. ಅವಳ ನೀರಿನ ತೊಟ್ಟಿ ಸೋರುತ್ತಿತ್ತು, ಆ ಸೋರಿಕೆಗೆ ಪುದೀನ ಮಂಡಿಯೆತ್ತರ ಬೆಳೆದು ಗೋಡೆ ಹತ್ತುವ ಹವಣಿಕೆಯಲ್ಲಿತ್ತು. ಶೆಟ್ಟೆಪ್ಪ ಕೇಳಿದ, ಅವಳು ಎರಡು ಹಿಡಿ ಕಿತ್ತು ಕೊಟ್ಟಳು. "ಒಯ್ಯೋ ತಮ್ಮಾ. ಇದು ದೆವ್ವ ಇದ್ದಂಗ. ನೆಲಕ್ಕ ಒಗದ್ರ ಸಾಕು, ಬೆಳಿತೈತಿ."

ಅವನು ಒಗೆಯಲಿಲ್ಲ. ಹತ್ತು ಕಡ್ಡಿಯನ್ನು ಹತ್ತು ಗುಣಿಯಲ್ಲಿ ನೆಟ್ಟ, ನೀರು ಹಾಕಿದ. ಬಾಜೂಕ್ಕೆ ಒಂದು ಸ್ಟೂಲ್ ತಂದಿಟ್ಟುಕೊಂಡು ಕುಳಿತ. ಮನೆಗೆ ಬಂದ ಮೇಲೆ ಅವನಿಗೆ ಕೂಡಲು ಒಂದು ಸೀಟು ಸಿಕ್ಕಿದ್ದು ಅದೇ ಮೊದಲು. ಅವತ್ತು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಕ್ಕರು ಐದು ಸೀಟಿ ಹೊಡೆಯಿತು. ಬೇಳೆ ಬೆಂದಿತು.

ಮರುದಿನ ಬೆಳಿಗ್ಗೆ ಸರಿಯಾಗಿ ಏಳಕ್ಕೆ ಶೆಟ್ಟೆಪ್ಪ ತಪಾಸಣೆಗೆ ಬಂದ. ಮೊದಲನೆಯ ಪುದೀನದ ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಬುಡ ತಿರುಗಿಸಿ, ಬೇರು ಬಂದಿದೆಯೇ ಎಂದು ನೋಡಿದ. ಬಂದಿರಲಿಲ್ಲ. ಮತ್ತೆ ಅದೇ ಗುಣಿಯಲ್ಲಿ ಇಟ್ಟು ಮಣ್ಣು ಒತ್ತಿದ. ಎರಡನೆಯದು, ಮೂರನೆಯದು, ಹೀಗೆ ಹತ್ತೂ. ಆಮೇಲೆ ಕೊತ್ತಂಬರಿಯ ಒಂದೊಂದು ಕಾಳನ್ನೂ ಉಗುರಿನಿಂದ ಕೆದರಿ ನೋಡಿ ಮುಚ್ಚಿದ. ಆಮೇಲೆ ಮೆಂತೆ. ಒಂದು ಸೀಟನ್ನೂ ಬಿಡಲಿಲ್ಲ. ಇಡೀ ಮಡಿ ತಪಾಸಣೆಯಾಗಲು ಒಂದು ತಾಸು ಹಿಡಿಯಿತು. ಮೂರನೆಯ ದಿನ ಮೆಂತೆಯ ಕಾಳು ಬಿರಿದು ಬಿಳಿ ಮೂತಿ ಹೊರಗೆ ಬಂದಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಅಂಗೈ ಮೇಲಿಟ್ಟುಕೊಂಡು ಹೋಗಿ ಅನ್ನಪೂರ್ಣಾಗೆ ತೋರಿಸಿ, ಎಮ್ಮೆ ಹಿಂಡುತ್ತಿದ್ದ ಮರೆವ್ವನಿಗೂ ತೋರಿಸಿ, ತಂದು ಮತ್ತೆ ಅದರ ಜಾಗದಲ್ಲಿಯೇ ಕೂಡ್ರಿಸಿದ. ನಾಲ್ಕನೆಯ ದಿನ ಆ ಮೂತಿ ಮುರಿದಿತ್ತು. ಆರನೆಯ ದಿನ ಪುದೀನ ಕರ್ರಗಾಯಿತು. ಹತ್ತನೆಯ ದಿನ ಅಲ್ಲಿ ಇದ್ದದ್ದು ಗೆರೆ ಮತ್ತು ಮಣ್ಣು ಅಷ್ಟೇ.

"ಕೈ ತಗದು ಸುಮ್ಮ ಕೂಡ್ರಿ ಅಂದ್ರ ಕೇಳೂದಿಲ್ಲ," ಎಂದಳು ಮರೆವ್ವ.

"ನೋಡದ ಬಿಟ್ರ ಒಳಗ ಏನ್ ನಡದೈತಿ ಅಂತ ಹೆಂಗ ಗೊತ್ತಾಗಬೇಕು?"

ಮತ್ತೆ ಬೀಜ ತಂದ, ಮತ್ತೆ ಕೆಂಪವ್ವನ ಮನೆಗೆ ಹೋದ. ಶ್ರಾವಣ ಮುಗಿಯುವುದರೊಳಗೆ ಮೂರು ಸಲ ಪುದೀನ ತಂದದ್ದಾಯಿತು, ಮೂರು ಸಲವೂ ಏಳರ ತಪಾಸಣೆ ತಪ್ಪಲಿಲ್ಲ, ಮೂರು ಸಲವೂ ಸತ್ತಿತು. ಮೂರನೆಯ ಸಲ ಕೆಂಪವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಶೆಟ್ಟೆಪ್ಪಾ, ನೀ ಇದನ್ನ ಹಚ್ಚಾಕತ್ತೀಯೋ, ಹುಗ್ಯಾಕತ್ತೀಯೋ?"

ಮಹಾನವಮಿ ಬಂತು. ಮಡಿಯಲ್ಲಿ ಗೌತಿ ಚಹಾ ಕೂಡ ಹಳದಿಯಾಗಿತ್ತು. ಮರೆವ್ವ ಕುಳ್ಳು ಬಡಿಯುವ ಹಲಗೆಯನ್ನು ಅಟ್ಟದಿಂದ ಇಳಿಸಿ, ತೊಳೆದು, ಬಚ್ಚಲ ಗೋಡೆಗೆ ಒರಗಿಸಿ ಇಟ್ಟಳು. ಶೆಟ್ಟೆಪ್ಪ ಅದನ್ನು ನೋಡಿದ.

ಸಂಜೆ ಕಟ್ಟೆಯ ಮುಂದಿನಿಂದ ಹೋಗುವಾಗ ಲಗಮಣ್ಣ ಕರೆದ. ಲಗಮಣ್ಣ ಸಕ್ಕರೆ ಕಾರ್ಖಾನೆಯಲ್ಲಿ ವಾಚಮನ್ ಆಗಿದ್ದವನು. ಕಟ್ಟೆಗೆ ಬಂದು ನಾಲ್ಕು ವರ್ಷ. "ದೋಸ್ತ, ನಿನ್ನ ಪುದೀನ ಹತ್ತವಲ್ದಂತಲ್ಲ?"

"ಇಲ್ಲ."

"ಕೇಳಿ ತಂದಿಯೇನು?"

"ಮತ್ತ? ಕೇಳದ ತರತಾರೇನು?"

ಏಳೂ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಲಗಮಣ್ಣ ಅವನನ್ನು ಹತ್ತಿರ ಕರೆದ. "ಪುದೀನ, ದೊಡ್ಡಪತ್ರಿ, ತುಳಸಿ, ಇವು ಕೇಳಿ ತಂದ್ರ ಹತ್ತೂದಿಲ್ಲೋ. ಕದ್ದು ತರಬೇಕು. ನಮ್ಮವ್ವ ಹಂಗ ತರ್ತಿದ್ಲು, ನಮ್ಮಜ್ಜಿ ಹಂಗ ತರ್ತಿದ್ಲು. ಹಚ್ಚಿದಾಕಿಗೆ ಗೊತ್ತಾಗಬಾರದು."

ಶೆಟ್ಟೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಕೈಲೆ ಆಗೂದಿಲ್ಲ."

"ಹಂಗಾದ್ರ ಇಲ್ಲಿ ಬಾ," ಎಂದು ಲಗಮಣ್ಣ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ಬಾಜೂದ ಕಲ್ಲನ್ನು ಟಾವೆಲಿನಿಂದ ಒರೆಸಿದ.

ಆ ಒರೆಸಿದ ಕಲ್ಲನ್ನು ನೋಡಿ ಶೆಟ್ಟೆಪ್ಪ ಬಿರಬಿರನೆ ಮನೆಯ ದಾರಿ ಹಿಡಿದ.

ಎರಡು ದಿನ ಯೋಚಿಸಿದ. ಕೊನೆಗೆ ಅವನಿಗೆ ಒಂದು ನಡುದಾರಿ ಹೊಳೆಯಿತು. ನೇರವಾಗಿ ಕೆಂಪವ್ವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. "ಕೆಂಪಕ್ಕಾ, ನಾಳಿ ಮಧ್ಯಾಹ್ನ ಎರಡಕ್ಕ ನಿಮ್ಮ ಪುದೀನ ಕದೀಬೇಕಂತ ಮಾಡೇನಿ. ನಿಮಗ ಅಡಚಣಿ ಇಲ್ಲಲ್ಲ?"

ಕೆಂಪವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಎಷ್ಟು ಕದೀತಿ?"

"ಹತ್ತು ಕಡ್ಡಿ."

"ಕುಡಗೋಲು ತರ್ತೀಯೋ, ನಾ ಕೊಡಲ್ಯೋ?"

ಮರುದಿನ ಎರಡಕ್ಕೆ ಅವನು ಹೋದಾಗ ಕೆಂಪವ್ವ ಹಿತ್ತಲ ಬಾಗಿಲು ತೆರೆದಿಟ್ಟು, ಹತ್ತು ಕಡ್ಡಿಯನ್ನು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ತೊಟ್ಟಿಯ ಮೇಲಿಟ್ಟು, ತಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. "ನಾ ನೋಡಾಕತ್ತಿಲ್ಲಪಾ," ಎಂದಳು. ಅವನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಬಂದ. ಆ ಪುದೀನವೂ ಐದನೆಯ ದಿನಕ್ಕೆ ಸತ್ತಿತು. ಹೇಳಿ ಕದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ಕಟ್ಟೆಯವರು ತೀರ್ಪು ಕೊಟ್ಟರು.

ಆಗ ಪಾಡ್ಯಕ್ಕೆ ಇನ್ನು ಹದಿನಾರು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಶೆಟ್ಟೆಪ್ಪ ಕೊನೆಯ ಬಾರಿಗೆ ಕೊತ್ತಂಬರಿ, ಮೆಂತೆ ಬಿತ್ತಿದ. ಊಟವಾದ ಮೇಲೆ, ನಿವೃತ್ತನಾದರೂ ಬಿಡದೆ ಹಾಕಿಕೊಳ್ಳುತ್ತಿದ್ದ ಖಾಕಿ ಅಂಗಿ ತೆಗೆದು ಬಿಳಿ ಅಂಗಿ ಹಾಕಿಕೊಂಡ. ಖಾಕಿ ಹಾಕಿಕೊಂಡು ಈ ಕೆಲಸ ಮಾಡಬಾರದು. ತಲೆಗೆ ಟಾವೆಲ್ ಸುತ್ತಿದ. ಎರಡು ಗಂಟೆಗೆ ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಕೆಂಪವ್ವ ಪಡಸಾಲೆಯಲ್ಲಿ ಮುಸುಕು ಹೊದ್ದು ಮಲಗಿದ್ದಳು. ಅವಳು ಗೊರಕೆ ಹೊಡೆಯುತ್ತಿದ್ದಾಳೆಂದು ಖಾತ್ರಿಯಾಗುವ ತನಕ ನಿಂತು, ಚಪ್ಪಲಿ ಬಿಟ್ಟು, ಹಿತ್ತಲಿಗೆ ಹೋದ. ಬೇರು ಸಹಿತ ಹತ್ತು ಕಡ್ಡಿ ಕಿತ್ತ. ಹನ್ನೊಂದನೆಯದು ತಾನಾಗಿ ಜೊತೆಗೆ ಬಂತು. ಅದನ್ನು ತಿರುಗಿ ನೆಡಲೇ ಎಂದು ಅಲ್ಲಿ ಸ್ವಲ್ಪ ಹೊತ್ತು ನಿಂತ. ಹಿತ್ತಲಲ್ಲಿ ಕಟ್ಟಿದ್ದ ಕೆಂಪವ್ವನ ಎಮ್ಮೆ ಕರು ಅವನನ್ನೇ ನೋಡುತ್ತಿತ್ತು. ಕೊನೆಗೆ ಹನ್ನೊಂದನ್ನೂ ಟಾವೆಲಿನ ಮಡಿಕೆಯೊಳಗೆ ಸೇರಿಸಿ ತಲೆಗೆ ಬಿಗಿದು ಹೊರಟ.

ಓಣಿಯ ತಿರುವಿನಲ್ಲಿ ನೆರೆಯ ಅಲ್ಲವ್ವ ಎದುರಾದಳು. ಅವಳು ಮೂಡಲಗಿಗೆ ಮಗಳ ಮನೆಗೆ ಹೊರಟಿದ್ದಳು. "ಕಾಕಾ, ಎರಡೂವರಿ ಗಾಡಿ ಹೋಯ್ತೇನ್ರಿ?"

"ಇನ್ನೂ ಇಲ್ಲ. ಆರು ಮಿನಿಟು ಐತಿ."

ಅಲ್ಲವ್ವ ಮೂಗು ಮೇಲೆ ಮಾಡಿ ಗಾಳಿ ಎಳೆದಳು. "ಪುದೀನದ ವಾಸನಿ ಬರಾಕತ್ತೈತಲ್ರಿ."

ಶೆಟ್ಟೆಪ್ಪ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. "ಹೌದು, ಬರಾಕತ್ತೈತಿ," ಎಂದ. ಟಾವೆಲಿನಿಂದ ನೀರು ಇಳಿದು ಅವನ ಕಿವಿಯ ಮೇಲಿನಿಂದ ಅಂಗಿಯ ಕಾಲರಿಗೆ ಹೋಗುತ್ತಿತ್ತು. ಅಲ್ಲವ್ವ ಅದನ್ನೂ ನೋಡಿದಳು. ಗಾಡಿ ತಪ್ಪುತ್ತದೆಂದು ಹೊರಟುಹೋದಳು.

ಮನೆಗೆ ಬಂದು ಹನ್ನೊಂದನ್ನೂ ಮಣ್ಣಿಗೆ ಸಿಗಿಸಿ, ಒಂದು ಕೊಡ ನೀರು ಸುರಿದು, ಸ್ಟೂಲಿನ ಮೇಲೆ ಕೂಡಲು ಹೋದ. ಕೂಡಲಾಗಲಿಲ್ಲ. ಹನ್ನೊಂದು ಕಡ್ಡಿಗಳೂ ತನ್ನನ್ನೇ ನೋಡುತ್ತಿವೆ ಅನ್ನಿಸಿತು. ಟಿಕೆಟ್ ಇಲ್ಲದೆ ಗಾಡಿ ಹತ್ತಿದವರು ಕಂಡಕ್ಟರ್‌ನ ಕಣ್ಣು ತಪ್ಪಿಸಿ ಕಿಟಕಿಯ ಕಡೆ ನೋಡುತ್ತಾ ಕೂಡುತ್ತಾರೆ. ಇಲ್ಲಿ ಕಣ್ಣು ತಪ್ಪಿಸಿದವನು ಅವನೇ. ಎದ್ದು ಹೊರಟುಬಿಟ್ಟ.

ಮರುದಿನ ಏಳಕ್ಕೆ ತಪಾಸಣೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬಚ್ಚಲಿಗೆ ಹೋಗಬೇಕಾದರೆ ಕೂಡ ಮನೆ ಸುತ್ತು ಹಾಕಿ ಆ ಕಡೆಯ ಬಾಗಿಲಿನಿಂದ ಹೋದ. ಇಡೀ ದಿನ ಎಲ್ಲಿ ಕೂಡಬೇಕು? ಕಟ್ಟೆಗೇ ಹೋದ. ಲಗಮಣ್ಣ ಒರೆಸಿದ್ದ ಕಲ್ಲಿನ ಮೇಲೆ ಕೂಡದೆ, ಬೇವಿನ ಟೊಂಗೆ ಹಿಡಿದು ನಿಂತುಕೊಂಡೇ ಕಾಲ ಕಳೆದ.

ಅಲ್ಲಿಗೂ ಕೆಂಪವ್ವನ ದನಿ ಕೇಳುತ್ತಿತ್ತು. ಅವಳು ಮೂರು ದಿನ ಬೆಳಿಗ್ಗೆ ಸಂಜೆ ಓಣಿಯ ನಡುವೆ ನಿಂತು ಬೈದಳು. "ಯಾವಾಕಿ ನನ್ನ ಪುದೀನಕ್ಕ ಕೈ ಹಚ್ಚಿದಾಕಿ? ಆಕಿ ಚಟ್ನಿ ಹಳಸ್ಲಿ. ಆಕಿ ಅರಿಯೂ ಒಳ್ಳ ಒಡೀಲಿ. ಆಕಿ ಸಾರಿಗೆ ಉಪ್ಪು ಹತ್ತದಂಗ ಆಗ್ಲಿ." ಪ್ರತಿ ಬೈಗುಳಕ್ಕೂ ಶೆಟ್ಟೆಪ್ಪ ಟೊಂಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದ. ತನಗೆ ಬೈದದ್ದು ಅವನಿಗೆ ಅಷ್ಟು ನೋಯಲಿಲ್ಲ. ಓಣಿಯ ಹೆಂಗಸರೆಲ್ಲ ಸುಮ್ಮನೆ ಬೈಸಿಕೊಳ್ಳುತ್ತಿದ್ದಾರಲ್ಲ ಎಂಬುದು ಅವನ ಸಂಕಟ. ಒಂದು ಸಲ, "ಆಕಿ ಅಲ್ಲ," ಎಂದು ಬಾಯಿಯ ತನಕ ಬಂತು.

ಹೇಳಿಬಿಡಬಹುದಿತ್ತು. ಹೇಳಿದರೆ ಕದ್ದ ಮಾಲನ್ನು ಹಿಂದಕ್ಕೆ ಕೊಡಬೇಕು. ಕೊಟ್ಟರೆ ಮಡಿ ಖಾಲಿ, ಪಾಡ್ಯದ ದಿನ ಕುಳ್ಳು ಬರುತ್ತದೆ, ಈ ಕಟ್ಟೆಯೇ ಕಾಯಂ. ಹೇಳದಿದ್ದರೆ ಮೂವತ್ತೊಂದು ವರ್ಷ ನಾಲ್ಕು ತಿಂಗಳು ನೀರಲ್ಲಿ ಹೋಗುತ್ತದೆ. ಒಂಬತ್ತನೆಯ ದಿನ ಕೆಂಪವ್ವನ ಬಾಗಿಲ ತನಕ ಹೋಗಿ ತಿರುಗಿ ಬಂದ. ಹನ್ನೆರಡನೆಯ ದಿನವೂ ಹಾಗೇ ಮಾಡಿದ. ಅನ್ನಪೂರ್ಣಾ ಮಾವನಿಗೆ ಚಹಾ ಕೊಟ್ಟರೆ ಮೊದಲು ಮೂಸಿ ನೋಡಿ, ಪುದೀನ ಹಾಕಿಲ್ಲವೆಂದು ತಿಳಿದ ಮೇಲೆ ಕುಡಿಯುತ್ತಿದ್ದ.

ಪಾಡ್ಯದ ಬೆಳಿಗ್ಗೆ ಮರೆವ್ವ ಎಮ್ಮೆಯ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಹೊಸ್ತಿಲ ಬದಿಗೆ ಸಾಲಾಗಿ ಇಟ್ಟಿದ್ದಳು. ಉತ್ತರಾಣಿ ಕಡ್ಡಿ, ಹೊನ್ನಂಬರಿ ಹೂ ಚುಚ್ಚಿದ್ದಳು. ಶೆಟ್ಟೆಪ್ಪ ಸ್ನಾನ ಮಾಡಿ ಬಂದು, ಯಾರೂ ಹೇಳುವ ಮುಂಚೆಯೇ ತಾನಾಗಿ ಒಂದು ಬುಟ್ಟಿ ಕುಳ್ಳು ತುಂಬಿ ಹೊತ್ತುಕೊಂಡ. ಮಾತಿಗೆ ತಪ್ಪಿದವನು ಅನ್ನಿಸಿಕೊಳ್ಳಬಾರದು. ಹದಿನೈದು ದಿನದ ಮೇಲೆ ಬಚ್ಚಲಿನ ಹಿಂದೆ ಬಂದ.

ಬುಟ್ಟಿ ಹೊತ್ತುಕೊಂಡೇ ನಿಂತುಬಿಟ್ಟ.

ಎಡಕ್ಕೆ ಎರಡು ಸಾಲು ಕೊತ್ತಂಬರಿ ಎದ್ದು ನಿಂತಿತ್ತು. ಬಲಕ್ಕೆ ಮೂರು ಸಾಲು ಮೆಂತೆ ಒತ್ತೊತ್ತಾಗಿ ಬಂದಿತ್ತು. ಹಿಂದಿನ ಸೀಟಿನಲ್ಲಿ ಗೌತಿ ಚಹಾ ಮತ್ತೆ ಹಸಿರಾಗಿತ್ತು. ಪುದೀನ ಮಾತ್ರ ತನ್ನ ಸೀಟಿನಲ್ಲಿ ಕುಳಿತಿರಲಿಲ್ಲ, ನಡುವಿನ ದಾರಿಗೆ ಇಳಿದು ಎಲ್ಲ ಕಡೆ ಓಡಾಡುತ್ತಿತ್ತು.

ಮರೆವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ, ಹಬ್ಬದ ಸೊಪ್ಪಿಗೆಂದು ಕೆಂಪವ್ವನೂ ಬಂದಳು. ಕೆಂಪವ್ವನ ಮುಖ ನೋಡಿದ ಕೂಡಲೇ ಶೆಟ್ಟೆಪ್ಪ ಬುಟ್ಟಿ ಇಳಿಸಿ, ನೆಟ್ಟಗೆ ನಿಂತು, ಮೇಲಿನ ಸಾಹೇಬರಿಗೆ ವರದಿ ಒಪ್ಪಿಸುವವನ ಹಾಗೆ ಹೇಳಿದ:

"ಕೆಂಪಕ್ಕಾ, ಪುದೀನ ನಿಮ್ದು. ನಾನ ಕದ್ದೇನಿ. ಹತ್ತು ಕಡ್ಡಿ ಅಂತ ಹ್ವಾದೆ, ಹನ್ನೊಂದು ತಂದೇನಿ. ಓಣ್ಯಾಗಿನ ಹೆಣ್ಮಕ್ಕಳು ಯಾರೂ ತಗೊಂಡಿಲ್ಲ. ಎಲ್ಲಾ ಕಿತ್ತು ಒಯ್ರಿ. ಜಾಗಾ ಹ್ವಾದ್ರ ಹೋಗ್ಲಿ."

ಕೆಂಪವ್ವ ಬಚ್ಚಲ ಕಲ್ಲಿನ ಮೇಲೆ ಕುಳಿತಳು. ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. "ಹುಚ್ಚಪ್ಪಾ, ನಾ ಮುಸುಕಿನ್ಯಾಗ ಎಚ್ಚರ ಇದ್ದೆ. ನೀ ಗ್ವಾರಕಿ ಕೇಳಿಸ್ಕೋತ ನಿಂತಿ ಅಂತ, ಗ್ವಾರಕಿ ಹೊಡದು ಹೊಡದು ನನ್ನ ಗಂಟಲಾ ಬತ್ತಿತು. ಯಾವಾಗ ಹೋಗಿ ಕದೀತಾನೋ ಅಂತ ಕಾದೆ."

"ಮತ್ತ ಮೂರು ದಿನಾ ಬೈದ್ರಿ?"

"ಬೈಬೇಕಲ್ಲೋ. ಕದ್ದದ್ದಕ್ಕ ಬೈಗಳಾ ಬಿದ್ರನ ಹುಲುಸಾಗಿ ಬೆಳಿಯೂದು. ನಿನ್ನ ಸಲುವಾಗಿ ಬೈದೆ. ನೋಡು ಹೆಂಗ ಬಂದೈತಿ."

"ಬೈಗಳಾನೂ ಅಲ್ಲ, ಕಳವೂ ಅಲ್ಲ," ಎಂದಳು ಮರೆವ್ವ. "ಹದಿನೈದು ದಿನಾ ಇವರು ಮುಂಜಾನೆದ್ದು ಅದರ ಬುಡಾ ಕಿತ್ತಿ ನೋಡಿಲ್ಲ. ನಾ ದಿನಾ ಎರಡು ತಂಬಗಿ ನೀರು ಹಾಕಿ ಸುಮ್ಮ ಬಿಟ್ಟೇನಿ. ಅಷ್ಟ."

ಶೆಟ್ಟೆಪ್ಪ ಇಬ್ಬರ ಮುಖವನ್ನೂ ನೋಡಿದ, ಮಡಿಯನ್ನೂ ನೋಡಿದ. ಹೆಂಡತಿ ಹೇಳಿದ್ದು ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಒಂದ ಒಂದು ಕಿತ್ತಿ ನೋಡ್ಲೇನು?" ಎಂದು ಮೆಲ್ಲಗೆ ಕೇಳಿದ.

"ಮುಟ್ಟಿದ್ರ ಕುಳ್ಳು ಒಟ್ಟತೀನಿ."

ಮರೆವ್ವ ನಾಲ್ಕು ಪುದೀನದ ಕುಡಿ ಚಿವುಟಿ ಹಟ್ಟೆವ್ವನ ತಲೆಗೆ ಸಿಗಿಸಿದಳು. ಅವನು ತಂದಿದ್ದ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಬಾಜೂಕ್ಕೆ ಸುರಿದಳು. ಆ ವರ್ಷದಿಂದ ಕುಳ್ಳಿನ ಒಟ್ಟು ಅಲ್ಲಿಯೇ ಇದೆ.

ಶೆಟ್ಟೆಪ್ಪ ಈಗ ಬೆಳಿಗ್ಗೆ ಏಳಕ್ಕೆ ಸ್ಟೂಲಿನ ಮೇಲೆ ಬಂದು ಕೂಡುತ್ತಾನೆ. ಕೈ ತಾನಾಗಿ ಮುಂದೆ ಹೋಗಬಾರದೆಂದು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿರುತ್ತಾನೆ. ಮೊದಮೊದಲು ಬಹಳ ಕಷ್ಟವಾಯಿತು.

ಹಬ್ಬವಾಗಿ ಎಂಟು ದಿನವಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅವನು ಗೋಡೆಗೆ ಒರಗಿ ಕುಳಿತಿದ್ದಾಗ ಮಡಿಯ ಬದಿಗಿದ್ದ ಬೇಲಿಯ ಆಚೆ ಒಣ ಕಡ್ಡಿ ಮುರಿದ ಸಪ್ಪಳವಾಯಿತು. ಅರ್ಧ ಕಣ್ಣು ತೆರೆದು ನೋಡಿದ. ಲಗಮಣ್ಣ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೇಲಿಯ ಸಂದಿಯಿಂದ ಕೈ ಹಾಕಿ ಪುದೀನಕ್ಕೆ ತಡಕಾಡುತ್ತಿದ್ದ. ಶೆಟ್ಟೆಪ್ಪನ ಬಲಗೈ ತೊಡೆಯ ಕೆಳಗಿನಿಂದ ಎದ್ದು ಇನ್ನೂ ಜೇಬಿನಲ್ಲೇ ಇದ್ದ ಹಳೆಯ ಸೀಟಿಯ ತನಕ ಹೋಯಿತು. ಅಲ್ಲಿ ನಿಂತಿತು. ಬೇಲಿಯ ಆಚೆ ಬರಿಗಾಲಿನ ಮುದುಕ ಒಂದು, ಎರಡು, ಮೂರು ಕಡ್ಡಿ ಕಿತ್ತ. ಶೆಟ್ಟೆಪ್ಪ ಕಣ್ಣು ಮುಚ್ಚಿದ. ಗೊರಕೆ ಹೊಡೆಯಲು ಬರುತ್ತಿರಲಿಲ್ಲ, ಆದರೂ ಪ್ರಯತ್ನ ಮಾಡಿದ. ಮೂವತ್ತೊಂದು ವರ್ಷ ನಾಲ್ಕು ತಿಂಗಳಲ್ಲಿ ಅವನ ಗಾಡಿಯಿಂದ ಟಿಕೆಟ್ ಇಲ್ಲದೆ ಇಳಿದುಹೋದ ಮೊದಲನೆಯವನು ಲಗಮಣ್ಣ.

ಮರುದಿನ ಬೆಳಿಗ್ಗೆ ಶೆಟ್ಟೆಪ್ಪ ಓಣಿಯ ನಡುವೆ ಬಂದು ನಿಂತ. ಒಮ್ಮೆ ಗಂಟಲು ಸರಿಮಾಡಿಕೊಂಡ. ಜನ್ಮದಲ್ಲಿ ಒಬ್ಬರಿಗೂ ಬೈದವನಲ್ಲ.

"ಯಾರ್ರಿ ಅದು," ಎಂದು ಶುರು ಮಾಡಿದ, "ನಿನ್ನೆ ಮಧ್ಯಾಹ್ನ ಎರಡಕ್ಕ, ಮೂರು ಕಡ್ಡಿ ಪುದೀನ. ತಗೊಂಡವರು ದಯವಿಟ್ಟು..."

ಕೆಂಪವ್ವ ತನ್ನ ಹೊಸ್ತಿಲ ಮೇಲೆ ಬಂದು ಕುಳಿತಿದ್ದಳು. "ದಯವಿಟ್ಟು ಅಂದ್ರ ಅದು ಬೆಳಿತೈತೇನೋ? ಪಾಪ, ಲಗಮಣ್ಣ ಅಷ್ಟು ಕಷ್ಟಪಟ್ಟು ಒಯ್ದದ್ದು ನಾನೂ ನೋಡೇನಿ. ಜೋರಲೆ ಬೈಯಿ. ಅವನ ಚಟ್ನಿ ಹಳಸ್ಲಿ ಅನ್ನು."

"ಅವರ ಚಟ್ನಿ ಹಳಸ್ಲಿ," ಎಂದ ಶೆಟ್ಟೆಪ್ಪ.

"ಇನ್ನೂ ಜೋರಲೆ. ಕಟ್ಟಿ ತನಕ ಕೇಳಬೇಕು."

ಶೆಟ್ಟೆಪ್ಪ ಎದೆ ತುಂಬ ಗಾಳಿ ಎಳೆದುಕೊಂಡ. ಗೋಕಾಕದ ಸ್ಟ್ಯಾಂಡಿನಲ್ಲಿ ಮೂಡಲಗಿಯ ಮಂದಿಯನ್ನು ಕರೆಯುತ್ತಿದ್ದ ಅದೇ ದನಿಯಲ್ಲಿ ಕೂಗಿದ. ಕಟ್ಟೆಯ ಮೇಲೆ ಲಗಮಣ್ಣ ಅದನ್ನು ಕೇಳಿ ಸಮಾಧಾನದಿಂದ ತಲೆಯಾಡಿಸಿದ.